ದಾನವು ಊರಿಗೋ, ಪರದೇಶಕ್ಕೋ? : ಒಂದು ವಿಚಾರ

ಕಳೆದ ರಾಮನವಮಿಯ ಉತ್ಸವದಲ್ಲಿ ಪಾನಕ ಕೋಸಂಬರಿಗಳ ವಿನಿಯೋಗವು ಮುಗಿದ ಬಳಿಕ ಹಿರಿಯ ದಂಪತಿಗಳೊಬ್ಬರು ನನ್ನನ್ನು ಕರೆದು ಕುಳ್ಳಿರಿಸಿಕೊಂಡು ಒಂದು ಪ್ರಶ್ನೆಯನ್ನು ಕೇಳಿದರು. ಅವರ ಮಗನು ಸಮುದ್ರದಾಚೆಯ ದೇಶವೊಂದರಲ್ಲಿ ಉದ್ಯೋಗದಲ್ಲಿರುವನು. ತನ್ನ ಪಿತಾಮಹರ ಹೆಸರಿನಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಧರ್ಮಕಾರ್ಯಕ್ಕೆ ಕೊಡಬೇಕೆಂದು ಸಂಕಲ್ಪಿಸಿರುವನು. ಅದು ಹುಟ್ಟಿದೂರಿನ ಶಾಲೆಯ ಸೋರುವ ಮಾಡಿಗೆ ಸಲ್ಲಬೇಕೆಂಬುದು ತಂದೆಯ ಅಪೇಕ್ಷೆ. ಆಫ್ರಿಕಾ ಖಂಡದ ಮಕ್ಕಳಿಗೆ ಮಲೇರಿಯವನ್ನು ತಡೆಯುವ ಸೊಳ್ಳೆಪರದೆಗಳಿಗೆ ಸಲ್ಲಬೇಕೆಂಬುದು ಮಗನ ಅಪೇಕ್ಷೆ. “ಮನೆಗೆ ಮಾರಿ, ಊರಿಗೆ ಉಪಕಾರಿ” ಎಂದು ತಂದೆಯವರು ದೂರವಾಣಿಯಲ್ಲಿ ಆಡಿಬಿಟ್ಟರಂತೆ. “ಮಾಡು ಸೋರಿದರೆ ಮಕ್ಕಳು ನೆನೆಯುತ್ತಾರೆ, ಸೊಳ್ಳೆ ಕಚ್ಚಿದರೆ ಸಾಯುತ್ತಾರೆ” ಎಂದು ಮಗನು ಉತ್ತರಿಸಿದನಂತೆ. ಅಂದಿನಿಂದ ಮೂರು ವಾರಗಳ ಕಾಲ ಅವರಲ್ಲಿ ಮಾತಿಲ್ಲ. “ಶಾಸ್ತ್ರವೇನು ಹೇಳುತ್ತದೆ, ನೀವೇ ಹೇಳಿ” ಎಂದು ತಾಯಿಯವರು ಕೇಳಿದಾಗ ಆ ಕ್ಷಣಕ್ಕೆ ನನಗೆ ಉತ್ತರ ತೋಚಲಿಲ್ಲ. ಈ ಪಾಠವು ಆ ಋಣವನ್ನು ತೀರಿಸುವ ಪ್ರಯತ್ನ. ಪಾಠಶಾಲೆಯಲ್ಲಿ ಕಲಿತ ಕ್ರಮವನ್ನೇ ಅನುಸರಿಸಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಅಂಗಗಳಲ್ಲಿ ಇದನ್ನು ವಿವೇಚಿಸುತ್ತೇನೆ.

ವಿಷಯ ಮತ್ತು ಸಂಶಯ

ಗೃಹಸ್ಥನು ದಾನ ಮಾಡಬೇಕೆಂಬುದರಲ್ಲಿ ಸಂಶಯವಿಲ್ಲ. ದಾನವು ಯಾವುದೆಂಬುದನ್ನು ಭಗವಂತನು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಮೂರು ವಿಧವಾಗಿ ವಿಂಗಡಿಸಿರುವನು. ಕೊಡುವುದು ಕರ್ತವ್ಯವೆಂಬ ಭಾವನೆಯಿಂದ, ಮರಳಿ ಉಪಕಾರ ಮಾಡಲಾರದವನಿಗೆ, ತಕ್ಕ ದೇಶದಲ್ಲಿ, ತಕ್ಕ ಕಾಲದಲ್ಲಿ, ತಕ್ಕ ಪಾತ್ರಕ್ಕೆ ಕೊಟ್ಟದ್ದು ಸಾತ್ತ್ವಿಕ. ಪ್ರತಿಫಲವನ್ನು ನಿರೀಕ್ಷಿಸಿ, ಮನಸ್ಸಿನಲ್ಲಿ ಕೊರಗುತ್ತ ಕೊಟ್ಟದ್ದು ರಾಜಸ. ಅಯೋಗ್ಯ ದೇಶಕಾಲಗಳಲ್ಲಿ, ಅಪಾತ್ರನಿಗೆ, ಸತ್ಕಾರವಿಲ್ಲದೆ ತಿರಸ್ಕಾರದಿಂದ ಕೊಟ್ಟದ್ದು ತಾಮಸ.

ಇಲ್ಲಿ ‘ದೇಶ’ವೆಂಬ ಪದಕ್ಕೆ ಪುಣ್ಯಕ್ಷೇತ್ರವೆಂದು ವ್ಯಾಖ್ಯಾನಕಾರರು ಅರ್ಥ ಹೇಳುವುದುಂಟು. ‘ನಮ್ಮ ದೇಶ, ಪರದೇಶ’ ಎಂದು ಇಂದು ನಾವು ಆಡುವ ಅರ್ಥದಲ್ಲಿ ಆ ಪದವು ಅಲ್ಲಿಲ್ಲ. ಆದುದರಿಂದಲೇ ಸಂಶಯವು ಹುಟ್ಟುವುದು: ಸಮೀಪದವನಿಗೂ ದೂರದವನಿಗೂ ಏಕಕಾಲದಲ್ಲಿ ಅಗತ್ಯವಿರುವಾಗ, ಕೊಡುವವನ ಕೈಯಲ್ಲಿ ಇಬ್ಬರಿಗೂ ಸಾಲುವಷ್ಟು ಇಲ್ಲದಿರುವಾಗ, ಮೊದಲು ಯಾರಿಗೆ?

ಮೊದಲನೆಯ ಪೂರ್ವಪಕ್ಷ: ಸ್ವಜನರಿಗೇ ಕೊಡಬೇಕು

ಈ ಪಕ್ಷದವರಿಗೆ ಬಲವಾದ ಆಧಾರವುಂಟು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ, ಶಕ್ತನಾಗಿದ್ದೂ ತನ್ನವರು ಕಷ್ಟದಲ್ಲಿ ಜೀವಿಸುತ್ತಿರುವಾಗ ಪರರಿಗೆ ಕೊಡುವವನ ಧರ್ಮವು ಧರ್ಮವಲ್ಲ, ಧರ್ಮದ ವೇಷ ಮಾತ್ರ; ಮೇಲೆ ಜೇನಿನಂತೆ ತೋರಿದರೂ ರುಚಿ ನೋಡಿದರೆ ವಿಷ ಎಂಬ ಅಭಿಪ್ರಾಯವು ಬಂದಿದೆ. ಇದಕ್ಕಿಂತ ಕಠಿನವಾದ ಮಾತು ಈ ವಿಷಯದಲ್ಲಿ ದೊರೆಯುವುದು ವಿರಳ.

ಲೌಕಿಕ ಯುಕ್ತಿಯೂ ಇದಕ್ಕೆ ಅನುಕೂಲವಾಗಿದೆ. ಹತ್ತಿರದವನ ಕಷ್ಟವನ್ನು ನಾವು ಕಣ್ಣಾರೆ ಕಾಣಬಲ್ಲೆವು. ಕೊಟ್ಟ ಹಣ ಏನಾಯಿತೆಂದು ಸಾಯಂಕಾಲ ನಡೆದು ಹೋಗಿ ನೋಡಬಲ್ಲೆವು. ದೂರದ ದಾನದಲ್ಲಿ ಈ ಎರಡೂ ಇಲ್ಲ. ೨೦೦೪ನೆಯ ಇಸವಿ ಡಿಸೆಂಬರ್ ೨೬ರಂದು ಸುನಾಮಿಯು ಅಪ್ಪಳಿಸಿದ ಮೇಲೆ ದೇಶದ ನಾನಾ ಭಾಗಗಳಿಂದ ಲಾರಿಗಟ್ಟಲೆ ಹಳೆಯ ಬಟ್ಟೆಗಳು ತಮಿಳುನಾಡಿನ ಕರಾವಳಿಗೆ ಹೋದವು. ಅವುಗಳಲ್ಲಿ ಬಹುಭಾಗ ಉಡಲು ಯೋಗ್ಯವಲ್ಲದೆ ರಸ್ತೆಯ ಬದಿಯಲ್ಲಿ ರಾಶಿಯಾಗಿ ಬಿದ್ದುವು. ಕೊಟ್ಟವರ ಮನಸ್ಸು ಶುದ್ಧವಾಗಿಯೇ ಇತ್ತು. ಆದರೆ ಪಡೆಯುವವರ ಅಗತ್ಯವೇನೆಂಬ ಜ್ಞಾನವು ಅವರಲ್ಲಿರಲಿಲ್ಲ.

ಎರಡನೆಯ ಪೂರ್ವಪಕ್ಷ: ಅಗತ್ಯವೆಲ್ಲಿ ಹೆಚ್ಚೋ ಅಲ್ಲಿಗೇ ಕೊಡಬೇಕು

ಇವನು ನಮ್ಮವನು, ಇವನು ಪರನು ಎಂಬ ಗಣನೆ ಅಲ್ಪಚಿತ್ತರದು, ಉದಾರರಿಗೆ ಭೂಮಿಯೆಲ್ಲ ಕುಟುಂಬ ಎಂಬ ಭಾವವನ್ನು ಮಹೋಪನಿಷತ್ತಿನಿಂದ ಮೊದಲುಗೊಂಡು ಹಿತೋಪದೇಶದವರೆಗೆ ಕಾಣುತ್ತೇವೆ. ನಮ್ಮ ಕಾಲದಲ್ಲಿ ಇದೇ ಪಕ್ಷವನ್ನು ತರ್ಕಬದ್ಧವಾಗಿ ಮಂಡಿಸಿದವರು ಆಸ್ಟ್ರೇಲಿಯದ ತತ್ತ್ವಜ್ಞಾನಿ ಪೀಟರ್ ಸಿಂಗರ್. ೧೯೭೨ರಲ್ಲಿ ಪ್ರಕಟವಾದ ಅವರ ಪ್ರಬಂಧಕ್ಕೆ ನಿಮಿತ್ತವಾದುದು ನಮ್ಮ ನೆರೆಯದೇ ಸಂಕಟ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಆಗ ಅವರು ತಮ್ಮ ಓದುಗರನ್ನು ಕೇಳಿದ ಪ್ರಶ್ನೆಯ ತಾತ್ಪರ್ಯವಿದು: ಎದುರಿನ ಕೊಳದಲ್ಲಿ ಮಗುವೊಂದು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾದೀತೆಂದು ನೀವು ನಿಲ್ಲುವಿರಾ? ಇಲ್ಲವೆಂದಾದರೆ ಸಾವಿರಾರು ಮೈಲಿಗಳ ದೂರವು ಮಾತ್ರ ನಿಮ್ಮ ಕರ್ತವ್ಯವನ್ನು ಹೇಗೆ ಅಳಿಸೀತು?

ಮಗನ ವಾದಕ್ಕೆ ಅಂಕೆಗಳ ಬಲವೂ ಇದೆ. ೨೦೨೩ನೆಯ ಒಂದೇ ವರ್ಷದಲ್ಲಿ ಮಲೇರಿಯದಿಂದ ಸತ್ತವರು ಸುಮಾರು ಆರು ಲಕ್ಷ ಜನರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಅತ್ಯಧಿಕ ಭಾಗ ಆಫ್ರಿಕಾದವರು. ಅಲ್ಲಿಯೂ ಬಹುಪಾಲು ಐದು ವರ್ಷ ತುಂಬದ ಮಕ್ಕಳು. ಔಷಧ ಲೇಪಿಸಿದ ಒಂದು ಸೊಳ್ಳೆಪರದೆಗೆ ತಗಲುವ ವೆಚ್ಚವು ಕೆಲವು ನೂರು ರೂಪಾಯಿಗಳು ಮಾತ್ರ. ಒಂದು ಮಾಡಿನ ಹಣದಲ್ಲಿ ಎಷ್ಟು ಮಕ್ಕಳು ನಿಶ್ಚಿಂತೆಯಿಂದ ಮಲಗಬಹುದೆಂಬ ಲೆಕ್ಕವನ್ನು ಯಾರಾದರೂ ಮಾಡಬಹುದು.

ಇತಿಹಾಸದ ಸಾಕ್ಷ್ಯ

ಸಿದ್ಧಾಂತವನ್ನು ಹೇಳುವ ಮೊದಲು ನಮ್ಮ ನಾಡಿನದೇ ಒಂದು ಹಳೆಯ ನೋವನ್ನು ಸ್ಮರಿಸಬೇಕಾಗಿದೆ. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದನ್ನು ಕೇಳಿದವರು ಇನ್ನೂ ಇರಬಹುದು. ಅದು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಇಷ್ಟು ಕುಗ್ಗಿತೆಂದರೆ ಆ ದುರಂತದ ಪ್ರಮಾಣವನ್ನು ಊಹಿಸಬಹುದು.

೧೮೭೭ರ ಆಗಸ್ಟ್ ತಿಂಗಳಿನಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿ ಇಂಗ್ಲೆಂಡಿನ ಜನತೆಗೆ ಮೊರೆಯಿಟ್ಟಿತು. ಲಂಡನ್ ನಗರದ ಮೇಯರರು ಮ್ಯಾನ್ಷನ್ ಹೌಸ್ ನಿಧಿಯನ್ನು ತೆರೆದರು. ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಪೌಂಡುಗಳು ಕೂಡಿದುವು. ಲ್ಯಾಂಕಷೈರಿನ ಗಿರಣಿಯೂರುಗಳೂ ಇದಕ್ಕೆ ಕೈಜೋಡಿಸಿದುವು. ಹದಿನೈದು ವರ್ಷಗಳ ಹಿಂದೆ ಹತ್ತಿ ದೊರೆಯದೆ ಗಿರಣಿಗಳು ನಿಂತು, ತಾವೇ ದಾನದ ಗಂಜಿಯನ್ನುಂಡ ಊರುಗಳವು. “ನಮ್ಮಲ್ಲಿಯೇ ಬಡವರಿದ್ದಾರೆ” ಎಂದು ಅವರೂ ಹೇಳಬಹುದಾಗಿತ್ತು, ಹೇಳಲಿಲ್ಲ. ಆ ಹಣದ ಒಂದು ಪಾಲು ಮೈಸೂರಿಗೂ ಬಂದಿತು. ಇಂದು ನಮ್ಮಲ್ಲಿ ಯಾರ ವಂಶವು ಆ ಪರದೇಶದ ಹಣದ ಒಂದು ಪಡಿ ಅಕ್ಕಿಯಿಂದ ಉಳಿದುಬಂದಿದೆಯೆಂಬುದನ್ನು ಯಾರು ಹೇಳಬಲ್ಲರು? ಆದರೆ ಇದೇ ಅವಧಿಯಲ್ಲಿ ಭಾರತದ ಬಂದರುಗಳಿಂದ ಧಾನ್ಯವು ಇಂಗ್ಲೆಂಡಿಗೆ ಸಾಗುತ್ತಲೇ ಇತ್ತೆಂಬುದನ್ನೂ ಮರೆಯುವಂತಿಲ್ಲ. ದೂರದ ದಾನವು ಹತ್ತಿರದ ಆಡಳಿತದ ಅನ್ಯಾಯವನ್ನು ತೊಳೆಯಲಾರದು. ಆದರೂ ಹಸಿದವನ ಪಾಲಿಗೆ ಅದು ಅನ್ನವೇ.

ಇನ್ನೊಂದು ನಿದರ್ಶನವು ಐರ್ಲೆಂಡಿನದು. ೧೮೪೫ರಿಂದ ಅಲ್ಲಿ ಆಲೂಗಡ್ಡೆಯ ಬೆಳೆಯು ರೋಗದಿಂದ ನಾಶವಾಗಿ ಭೀಕರ ಕ್ಷಾಮ ಉಂಟಾದಾಗ ಮೊದಮೊದಲು ನೆರವು ಕಳುಹಿಸಿದ ಊರುಗಳಲ್ಲಿ ಕಲಕತ್ತೆಯೂ ಒಂದು. ೧೮೪೭ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರು ೧೭೦ ಡಾಲರುಗಳನ್ನು ಕೂಡಿಸಿ ಐರ್ಲೆಂಡಿನ ನೆರವಿಗೆ ಕೊಟ್ಟರು. ತಮ್ಮ ನೆಲದಿಂದ ಹೊರದೂಡಲ್ಪಟ್ಟು, ದಾರಿಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡು, ಅವರಿಗೆ ಇನ್ನೂ ಇಪ್ಪತ್ತು ವರ್ಷಗಳೂ ಆಗಿರಲಿಲ್ಲ. ಪ್ರತ್ಯುಪಕಾರದ ಆಸೆ ಅಲ್ಲಿ ಲೇಶವೂ ಇರಲು ಸಾಧ್ಯವಿರಲಿಲ್ಲ. ಆದರೆ ೨೦೨೦ರಲ್ಲಿ ಕೊರೋನಾ ವ್ಯಾಧಿಯು ನವಾಹೋ ಮತ್ತು ಹೋಪಿ ಎಂಬ ಬೇರೆ ಮೂಲನಿವಾಸಿಗಳನ್ನು ಪೀಡಿಸಿದಾಗ, ಚಾಕ್ಟಾ ಜನರ ಆ ಉಪಕಾರವನ್ನು ನೆನೆದು ಐರ್ಲೆಂಡಿನ ಸಾವಿರಾರು ಮಂದಿ ಅವರಿಗೆ ಹಣ ಕಳುಹಿಸಿದರು.

ನಮ್ಮ ಕಾಲದ ಮಾತನ್ನೇ ಹೇಳುವುದಾದರೆ, ೨೦೦೯ರ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವು ನೆರೆಯಲ್ಲಿ ಮುಳುಗಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಾಗ, ತುಂಗಭದ್ರೆಯು ಉಕ್ಕಿ ಮಂತ್ರಾಲಯ ಕ್ಷೇತ್ರಕ್ಕೂ ನುಗ್ಗಿತು. ಸಹಸ್ರಾರು ಜನರಿಗೆ ನಿತ್ಯವೂ ಅನ್ನವಿಕ್ಕುವ ಕ್ಷೇತ್ರವು ಆಗ ಹೊರಗಿನವರ ನೆರವನ್ನು ಎದುರುನೋಡಬೇಕಾಯಿತು. ಕೊಡುವ ಸ್ಥಾನವೂ ಪಡೆಯುವ ಸ್ಥಾನವೂ ಯಾರಿಗೂ ಶಾಶ್ವತವಲ್ಲ.

ನನ್ನದೇ ಒಂದು ಪ್ರಮಾದ

ಇಲ್ಲಿ ಸ್ವಂತದ ಅನುಭವವೊಂದನ್ನು ನಿವೇದಿಸಿಕೊಳ್ಳಬೇಕು. ೨೦೧೫ರ ಏಪ್ರಿಲ್ ೨೫ರಂದು ನೇಪಾಳದಲ್ಲಿ ಭೂಕಂಪವಾಗಿ ಸುಮಾರು ಒಂಬತ್ತು ಸಾವಿರ ಜನ ಮಡಿದರು. ಆಗ ನಾವು ಕೆಲವು ಯುವಕರು ಡಬ್ಬಿಗಳನ್ನು ಹಿಡಿದು ಮನೆಮನೆಗೆ ಹೋದೆವು. ದೇವಾಲಯದ ಅಂಗಳವನ್ನು ಗುಡಿಸುವ ವೃದ್ಧೆಯೊಬ್ಬಳು ತನ್ನ ಗುಡಿಸಲಿನ ಬಾಗಿಲಿಗೆ ಬಂದು, ಸೆರಗಿನ ಗಂಟನ್ನು ಬಿಚ್ಚಿ, ಹತ್ತು ರೂಪಾಯಿಯ ನಾಣ್ಯವನ್ನು ಡಬ್ಬಿಗೆ ಹಾಕಹೋದಳು. ನಾಣ್ಯವು ಡಬ್ಬಿಯ ಹೊರಗೆ ಬಿತ್ತು. ನಾನು ಅದನ್ನು ಎತ್ತಿ ಒಳಗೆ ಹಾಕಿಕೊಂಡು, “ದೇವರು ಒಳ್ಳೆಯದು ಮಾಡಲಿ” ಎಂದು ಹೇಳಿ ಮುಂದಿನ ಮನೆಗೆ ಹೋದೆನು.

ನಾಣ್ಯವು ಏಕೆ ಹೊರಗೆ ಬಿತ್ತೆಂದು ನಾನು ಯೋಚಿಸಲಿಲ್ಲ. ಕಾರ್ತಿಕದ ದೀಪೋತ್ಸವದಲ್ಲಿ ಅವಳು ಉರಿಯುವ ಹಣತೆಯ ಮೇಲೆ ಕೈಯಿಟ್ಟು ಸುಟ್ಟುಕೊಂಡಾಗಲೇ ಅವಳಿಗೆ ಕಣ್ಣು ಕಾಣುವುದಿಲ್ಲವೆಂಬುದು ನಮಗೆ ತಿಳಿದದ್ದು. ಪರೀಕ್ಷಿಸಿದ ವೈದ್ಯರು ಎರಡು ಕಣ್ಣಿಗೂ ಪೊರೆ ಬಲಿತಿದೆಯೆಂದೂ, ಒಂದಂತೂ ಕೈಮೀರಿದೆಯೆಂದೂ ಹೇಳಿದರು. ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣು ಬಂದಿತು, ಇನ್ನೊಂದು ಬರಲಿಲ್ಲ. ಆರು ತಿಂಗಳ ಮೊದಲೇ ಕರೆದೊಯ್ದಿದ್ದರೆ ಎಂಬ ಮಾತನ್ನು ವೈದ್ಯರು ಹೇಳಿ ಅರ್ಧಕ್ಕೇ ನಿಲ್ಲಿಸಿದರು. ನನ್ನ ತೀರ್ಥರೂಪರು ಅರ್ಚಕರು. ದಿನಕ್ಕೆರಡು ಬಾರಿ ಅವಳು ಗುಡಿಸಿದ ಅಂಗಳವನ್ನು ದಾಟಿ ಹೋಗುವವರು. ಅವರು ಆ ರಾತ್ರಿ ಊಟ ಮಾಡಲಿಲ್ಲ.

ದೂರಕ್ಕೆ ಕೊಟ್ಟುದೇ ತಪ್ಪೆಂದು ನಾನು ಬಹುಕಾಲ ಭಾವಿಸಿದ್ದೆನು. ಒಮ್ಮೆ ಅವಳಲ್ಲಿಯೇ ಇದನ್ನು ಹೇಳಿಕೊಂಡಾಗ ಅವಳು ಕೇಳಿದ್ದು ಒಂದೇ ಮಾತು: “ಆ ದುಡ್ಡು ಅವರಿಗೆ ಮುಟ್ಟಿತೇ ಸ್ವಾಮಿ?” ಆಗ ನನಗೆ ಅರಿವಾಯಿತು. ನೇಪಾಳಕ್ಕೆ ಕೊಟ್ಟದ್ದು ತಪ್ಪಲ್ಲ. ನಾಣ್ಯವು ಬಿದ್ದಾಗ ಅವಳ ಮುಖವನ್ನು ನೋಡದಿದ್ದುದು ತಪ್ಪು. ಅವಳು ಹತ್ತಿರದಲ್ಲಿದ್ದಳು, ಆದರೆ ನನಗೆ ನೇಪಾಳಕ್ಕಿಂತಲೂ ದೂರದಲ್ಲಿದ್ದಳು.

ಸಿದ್ಧಾಂತ

ಈಗ ನಿರ್ಣಯಕ್ಕೆ ಬರೋಣ. ಮೊದಲನೆಯದಾಗಿ, ಮನುವಿನ ವಚನವನ್ನು ಅದರ ವಿಶೇಷಣಗಳೊಡನೆ ಗ್ರಹಿಸಬೇಕು. ಅಲ್ಲಿ ನಿಂದೆಯಿರುವುದು ಶಕ್ತನಾದವನಿಗೆ. ಅವನ ಸ್ವಜನರು ದುಃಖದಲ್ಲಿ ಜೀವಿಸುತ್ತಿರುವಾಗ. ಸ್ವಜನರೆಂದರೆ ತಂದೆ ತಾಯಿ, ಮಡದಿ ಮಕ್ಕಳು, ಆಶ್ರಿತರು ಮೊದಲಾದ ಪೋಷ್ಯವರ್ಗ. ಅವರಿಗೆ ಅನ್ನ, ಔಷಧ, ಆಶ್ರಯಗಳನ್ನು ಒದಗಿಸುವುದು ದಾನವೇ ಅಲ್ಲ, ಅದು ಋಣ. ಕೆಲಸದವರ ಕೂಲಿಯೂ ಹಾಗೆಯೇ. ಋಣವನ್ನು ತೀರಿಸದೆ ಮಾಡಿದ ದಾನವು ಊರಿಗಾಗಲಿ ಪರದೇಶಕ್ಕಾಗಲಿ ಶೋಭಿಸದು. ಆದರೆ ಈ ಋಣವು ತೀರಿದ ಮೇಲೆ ಆ ವಚನವನ್ನೇ ಹಿಡಿದು, ನಮ್ಮ ಬೀದಿಯ ಕಮಾನು ಮುಗಿಯುವವರೆಗೆ ಹೊರಗಿನ ಹಸಿವಿಗೆ ಕೊಡಕೂಡದು ಎಂದು ವಾದಿಸುವುದು ವಚನಕ್ಕೆ ಇಲ್ಲದ ಭಾರವನ್ನು ಹೊರಿಸಿದಂತೆ. ಬೀದಿಯ ಕಮಾನು ದುಃಖದಲ್ಲಿ ಜೀವಿಸುವ ಸ್ವಜನವಲ್ಲ.

ಎರಡನೆಯದಾಗಿ, ಜೀವಜೀವರಿಗೆ ಭೇದವುಂಟೆಂದು ಒಪ್ಪುವವರು ನಾವು. ಭೇದವಿರುವುದರಿಂದಲೇ ಕರ್ತವ್ಯಗಳಲ್ಲಿ ಕ್ರಮವುಂಟು. ನನ್ನ ತಾಯಿಯ ಸೇವೆಯನ್ನು ನಾನೇ ಮಾಡಬೇಕು. ಆದರೆ ಎಲ್ಲ ಜೀವರಲ್ಲಿಯೂ ಅಂತರ್ಯಾಮಿಯಾಗಿ ನೆಲೆಸಿರುವವನು ಒಬ್ಬನೇ. ಅವನಿಗೆ ಪರದೇಶವೆಂಬುದಿಲ್ಲ. ಆದುದರಿಂದ ಕರ್ತವ್ಯದ ಕ್ರಮವನ್ನು ಒಪ್ಪುವುದೆಂದರೆ ದೂರದವನ ಪ್ರಾಣವು ಅಗ್ಗವೆಂದು ಒಪ್ಪಿದಂತಲ್ಲ.

ಮೂರನೆಯದಾಗಿ, ಎರಡು ಬಗೆಯ ದಾನಗಳಿಗೂ ಅವುಗಳದೇ ಆದ ಗುಣದೋಷಗಳಿವೆ. ಹತ್ತಿರದ ದಾನದಲ್ಲಿ ಜ್ಞಾನವು ಸುಲಭ. ಆದರೆ ಅಮೃತಶಿಲೆಯ ಫಲಕ, ಶಾಲು, ವೇದಿಕೆಯ ಮೇಲಿನ ಸ್ಥಾನ ಇವುಗಳ ಆಸೆಯಿಂದ ಅದು ರಾಜಸವಾಗುವ ಅಪಾಯವುಂಟು. ದೂರದ ದಾನದಲ್ಲಿ ಪ್ರತ್ಯುಪಕಾರದ ಆಸೆಗೆ ಎಡೆಯಿಲ್ಲ. ಪಡೆದವನ ಹೆಸರೂ ನಮಗೆ ತಿಳಿಯದು. ಆದರೆ ದುಃಖಿಯ ಮುಖವನ್ನು ನೋಡದೆಯೇ ಬೆರಳ ತುದಿಯಿಂದ ಹಣ ಕಳುಹಿಸಿ ಕೈತೊಳೆದುಕೊಳ್ಳುವ ಸೌಕರ್ಯವಿರುವುದರಿಂದ, ವಿಚಾರವೂ ಸತ್ಕಾರವೂ ಇಲ್ಲದ ದಾನವಾಗುವ ಅಪಾಯವುಂಟು. ಆದುದರಿಂದ ಹತ್ತಿರದ ದಾನಕ್ಕೆ ನಿರಹಂಕಾರವನ್ನೂ, ದೂರದ ದಾನಕ್ಕೆ ವಿಚಾರಣೆಯನ್ನೂ ಪ್ರಯತ್ನಪೂರ್ವಕವಾಗಿ ಸೇರಿಸಬೇಕು.

ನಾಲ್ಕನೆಯದಾಗಿ, ನಮ್ಮ ನಿತ್ಯಕರ್ಮದಲ್ಲಿಯೇ ಉತ್ತರವು ಅಡಗಿದೆ. ವೈಶ್ವದೇವದಲ್ಲಿ ಗೃಹಸ್ಥನು ಮನೆಯೊಳಗೂ ಬಲಿಯನ್ನಿಡುವನು, ಹೊಸ್ತಿಲಾಚೆಗೆ ಕಾಗೆ ನಾಯಿಗಳಿಗೂ ಇಡುವನು; ಅತಿಥಿಗೂ ಮನೆಯ ಬಾಲರು, ರೋಗಿಗಳು, ಗರ್ಭಿಣಿಯರಿಗೂ ಬಡಿಸಿ ಕಡೆಗೆ ತಾನು ಉಣ್ಣುವನು. ಒಳಗಿನದು ಮುಗಿದು ಮಿಕ್ಕರೆ ಹೊರಗೆ ಇಡೋಣವೆಂಬ ಕ್ರಮವು ಅಲ್ಲಿಲ್ಲ. ಹೊರಗಿನ ಪಾಲು ಅಲ್ಪವೇ ಆಗಿರಬಹುದು, ಆದರೆ ಅದು ಎಂದೂ ತಪ್ಪುವಂತಿಲ್ಲ. ಭಾಗವತದ ಎಂಟನೆಯ ಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಗೆ, ಸಂಪತ್ತನ್ನು ಧರ್ಮ, ಯಶಸ್ಸು, ಅರ್ಥ, ಕಾಮ, ಸ್ವಜನ ಎಂದು ಐದು ಪಾಲು ಮಾಡಬೇಕೆನ್ನುತ್ತಾರೆ. ಬಲಿಯ ದಾನವನ್ನು ತಡೆಯಲು ಬಂದ ಸಂದರ್ಭದಲ್ಲಿ ಅವರು ಆಡಿದ ಮಾತಿನಲ್ಲಿಯೂ ಧರ್ಮದ ಪಾಲು ಬೇರೆ, ಸ್ವಜನರ ಪಾಲು ಬೇರೆ ಎಂಬುದು ಗಮನಾರ್ಹ.

ಒಂಬತ್ತನೆಯ ಸ್ಕಂಧದ ರಂತಿದೇವನ ಕಥೆಯನ್ನು ವಾಚಕರು ಬಲ್ಲರು. ನಲವತ್ತೆಂಟು ದಿನಗಳ ಉಪವಾಸದ ನಂತರ ದೊರೆತ ಅನ್ನವನ್ನು ಒಬ್ಬೊಬ್ಬರಾಗಿ ಬಂದ ಅಪರಿಚಿತರಿಗೆ ಕೊಟ್ಟು, ಉಳಿದ ನೀರನ್ನೂ ಬಾಯಾರಿ ಬಂದ ಅಂತ್ಯಜನಿಗೆ ಎರೆದ ಮಹಾತ್ಮನು ಆತ. ಅಂದು ದೂರದ ದುಃಖವು ಅತಿಥಿಯ ರೂಪದಲ್ಲಿ ಬಾಗಿಲಿಗೆ ಬರುತ್ತಿತ್ತು. ಇಂದು ಅದು ವಾರ್ತೆಯ ರೂಪದಲ್ಲಿ ಕೈಯಲ್ಲಿನ ದೂರವಾಣಿಗೇ ಬರುತ್ತದೆ. ತಿಥಿಯನ್ನು ನೋಡದೆ ಬರುವವನು ಅತಿಥಿ. ಬಾಗಿಲಿಗೆ ಬಂದ ವಾರ್ತೆಯನ್ನು ಕೇಳಿದ ಮೇಲೆ, ಕೇಳಿಲ್ಲವೆಂದು ಕುಳಿತುಕೊಳ್ಳಲು ಬಾರದು.

ಪ್ರಯೋಜನ

ಆಚರಣೆಗೆ ತರುವುದು ಹೇಗೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಒಂದು: ಪೋಷ್ಯವರ್ಗದ ಋಣವನ್ನು ಮೊದಲು ತೀರಿಸಬೇಕು.

ಎರಡು: ತಿಂಗಳಿಗೊಮ್ಮೆಯಾದರೂ ತನ್ನ ಬೀದಿಯಲ್ಲಿ ಕಣ್ತೆರೆದು ನಡೆಯಬೇಕು. ಯಾರ ಮನೆಯ ಒಲೆ ಉರಿದಿಲ್ಲ, ಯಾರ ಮಗು ಶಾಲೆ ಬಿಟ್ಟಿದೆ, ಯಾರ ಕೈ ತಡವರಿಸುತ್ತಿದೆ ಎಂಬುದನ್ನು ನಾವಲ್ಲದೆ ಪರದೇಶದವರು ಬಂದು ನೋಡಲಾರರು.

ಮೂರು: ಧರ್ಮದ ಪಾಲಿನಲ್ಲಿ ಹೊಸ್ತಿಲಾಚೆಯ ಭಾಗವಿಷ್ಟೆಂದು ವರ್ಷಾರಂಭದಲ್ಲಿಯೇ ನಿಶ್ಚಯಿಸಬೇಕು. ಆಗ ವಿಪತ್ತಿನ ವಾರ್ತೆ ಬಂದಾಗ ಉದ್ವೇಗದಿಂದ ಎಲ್ಲವನ್ನೂ ಸುರಿಯುವುದಾಗಲಿ, ನೆಪ ಹೇಳಿ ಜಾರುವುದಾಗಲಿ ಇರುವುದಿಲ್ಲ.

ನಾಲ್ಕು: ದೂರಕ್ಕೆ ವಸ್ತುವಿಗಿಂತ ಹಣವನ್ನು, ಹೊಸದಾಗಿ ಹೊರಟವರಿಗಿಂತ ಮೊದಲಿನಿಂದಲೂ ಆ ಸ್ಥಳದಲ್ಲಿ ಕೆಲಸ ಮಾಡುತ್ತಿರುವವರಿಗೆ, ಲೆಕ್ಕವನ್ನು ಪ್ರಕಟಿಸುವವರಿಗೆ ಕೊಡಬೇಕು. ಅಲ್ಲಿ ಒಂದು ರೂಪಾಯಿಗೆ ಏನಾಗುತ್ತದೆಂದು ಕೇಳಲು ಸಂಕೋಚ ಬೇಡ.

ಐದು: ಹೊರದೇಶದಿಂದ ಹಣ ಪಡೆಯುವ ಸಂಸ್ಥೆಗಳ ಕಾರ್ಯದರ್ಶಿಗಳು ಕಾನೂನನ್ನು ತಿಳಿದಿರಬೇಕು. ೧೯೭೬ರಲ್ಲಿ ಬಂದು ೨೦೧೦ರಲ್ಲಿ ಹೊಸದಾದ ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆಯಂತೆ, ಭಾರತದ ಪೌರತ್ವವನ್ನು ಉಳಿಸಿಕೊಂಡಿರುವ ಅನಿವಾಸಿಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶೀ ದೇಣಿಗೆಯಲ್ಲ. ಆದರೆ ಹುಟ್ಟಿನಿಂದ ನಮ್ಮೂರಿನವನೇ ಆದರೂ ಬೇರೆ ದೇಶದ ಪೌರತ್ವವನ್ನು ಪಡೆದವನು ಕೊಟ್ಟರೆ ಅದು ವಿದೇಶೀ ದೇಣಿಗೆ. ಅದನ್ನು ಸ್ವೀಕರಿಸಲು ನೋಂದಣಿ ಅಥವಾ ಪೂರ್ವಾನುಮತಿ ಬೇಕು; ೨೦೨೦ರ ತಿದ್ದುಪಡಿಯ ಮೇರೆಗೆ ಅದು ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯಲ್ಲಿನ ನಿಯತ ಖಾತೆಗೇ ಬರಬೇಕು. ಊರಿನ ಮೇಲಿನ ಪ್ರೀತಿಯಿಂದ ಬಂದ ಹಣವು ಅಜ್ಞಾನದಿಂದ ಊರಿನ ಸಂಸ್ಥೆಗೆ ತೊಡಕಾಗಬಾರದು.

ಇನ್ನು ಆ ಹಿರಿಯ ದಂಪತಿಗಳಿಗೆ ನನ್ನ ವಿನಂತಿ. ಶಾಲೆಯ ಮಾಡು ಸೋರುತ್ತಿರುವುದು ನಿಜ. ಆದರೆ ಅದಕ್ಕೆ ಕೊಡಬಲ್ಲ ಹಳೆಯ ವಿದ್ಯಾರ್ಥಿಗಳು ಊರಿನಲ್ಲಿಯೇ ಹಲವರಿರುವರು, ಕೇಳಬೇಕಾದ ಇಲಾಖೆಯೂ ಇದೆ. ಮಳೆಗಾಲದೊಳಗೆ ಬೇರೆ ಯಾರೂ ಕೊಡುವವರಿಲ್ಲವೆಂದು ವಿಚಾರಿಸಿ ತಿಳಿದರೆ ಮಗನಿಗೆ ಅದನ್ನೇ ಬರೆಯಿರಿ. ಒಬ್ಬನೇ ಮಾಡಬಹುದಾದ ಕೆಲಸವು ಅವನ ಪಾಲಿಗೆ ಮೊದಲಿನದಾಗುವುದು. ಇತರರು ಕೊಡುವರೆಂದಾದರೆ ಅವನ ಪರದೆಗಳು ಕಾಣದ ಮಕ್ಕಳನ್ನು ಕಾಯಲಿ. ನಿಮ್ಮ ತಂದೆಯವರ ಹೆಸರಿಗೆ ಅದರಿಂದ ಕುಂದಿಲ್ಲ. ಎರಡು ಪಾಲು ಮಾಡುವುದಕ್ಕೂ ಅಡ್ಡಿಯಿಲ್ಲ. ಆದರೆ ಯಾವುದಕ್ಕೂ ಮೊದಲು ಅವನನ್ನು ಕರೆದು ಮಾತನಾಡಿರಿ. ತಂದೆ ಮಕ್ಕಳು ಮುನಿಸಿಕೊಂಡು ಕೊಟ್ಟ ಹಣವು ಎಲ್ಲಿಗೆ ಹೋದರೂ ಸತ್ಕಾರವಿಲ್ಲದ ದಾನವೇ ಸರಿ. ಮಗನಿಗೂ ಒಂದು ಮಾತು: ಭೂಮಿಯೆಲ್ಲ ಕುಟುಂಬವೆಂದು ತಿಳಿದವನಿಗೆ, ಸಂಜೆಯಾದಾಗ ದೂರವಾಣಿಯ ಪಕ್ಕದಲ್ಲಿ ಕಾದು ಕುಳಿತಿರುವ ವೃದ್ಧರಿಬ್ಬರೂ ಆ ಕುಟುಂಬದೊಳಗಿನವರೇ ಅಲ್ಲವೆ?

ಇದರಲ್ಲಿ ಲೋಪದೋಷಗಳಿದ್ದರೆ ಪ್ರಾಜ್ಞರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು